ಕೆಲಸವಿಲ್ಲದವರ ಹೊತ್ತು: ಮಾರಿಯೆಂಟಾಲ್ ಗ್ರಾಮದ ಅಧ್ಯಯನವೂ ಇತಿಹಾಸಕಾರನ ಹೊಣೆಯೂ

೧. ಪೀಠಿಕೆ

ಆಧುನಿಕ ಯುರೋಪಿನ ಇತಿಹಾಸವನ್ನು ಕುರಿತ ನಮ್ಮ ಪಠ್ಯಗ್ರಂಥಗಳಲ್ಲಿ ೧೯೨೯ರ ಆರ್ಥಿಕ ಮುಗ್ಗಟ್ಟಿಗೆ ಒಂದು ಅಧ್ಯಾಯ ಮೀಸಲಾಗಿರುವುದು ವಾಡಿಕೆ. ನ್ಯೂಯಾರ್ಕಿನ ಷೇರುಪೇಟೆ ಕುಸಿದುದು, ೧೯೩೧ರ ಮೇ ತಿಂಗಳಿನಲ್ಲಿ ವಿಯೆನ್ನಾದ ಕ್ರೆಡಿಟ್-ಆನ್‌ಸ್ಟಾಲ್ಟ್ ಬ್ಯಾಂಕು ಮುರಿದುಬಿದ್ದುದು, ಕಾರ್ಖಾನೆಗಳು ಬಾಗಿಲು ಮುಚ್ಚಿದುದು, ಕೆಲಸ ಕಳೆದುಕೊಂಡವರ ಸಂಖ್ಯೆ ದೇಶದೇಶಗಳಲ್ಲಿ ಲಕ್ಷಗಟ್ಟಲೆ ಏರಿದುದು, ಇವೆಲ್ಲವೂ ಅಲ್ಲಿ ಕ್ರಮವಾಗಿ ನಿರೂಪಿತವಾಗಿರುತ್ತವೆ. ಬಳಿಕ ಅಧ್ಯಾಯವು ಸರ್ಕಾರಗಳ ಪತನದ ಕಡೆಗೋ ಸರ್ವಾಧಿಕಾರಿಗಳ ಉದಯದ ಕಡೆಗೋ ತಿರುಗುತ್ತದೆ. ಕೆಲಸ ಕಳೆದುಕೊಂಡ ಮನುಷ್ಯನು ಅಂಕಿಗಳ ಪಟ್ಟಿಯಲ್ಲಿ ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತಾನೆ.

ಈ ಅಧ್ಯಾಯವನ್ನು ಬೋಧಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ನಮ್ಮನ್ನು ಒಂದು ಸರಳವಾದ ಪ್ರಶ್ನೆ ಕೇಳಿದನು: ಕಾರ್ಖಾನೆ ಮುಚ್ಚಿದ ಮೇಲೆ ಆ ಜನರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದರು? ಪ್ರಶ್ನೆ ಎಳೆಯದೆಂದು ಮೊದಲು ತೋರಿತು. ಉತ್ತರ ಹೇಳಹೊರಟಾಗ ನಮಗೆ ತಿಳಿದುದು ಎಷ್ಟು ಅಲ್ಪವೆಂಬುದು ಸ್ಪಷ್ಟವಾಯಿತು. ದುಡಿಯುವವನ ದಿನಚರಿಗೆ ಹಾಜರಿಪುಸ್ತಕವಿದೆ, ಸಂಬಳದ ಪಟ್ಟಿಯಿದೆ, ಮುಷ್ಕರದ ವರದಿಯಿದೆ. ಕೆಲಸವಿಲ್ಲದವನ ದಿನಕ್ಕೆ ದಾಖಲೆಯಿಲ್ಲ. ದಾಖಲೆಯಿಲ್ಲದ ಬಾಳು ಇತಿಹಾಸಕಾರನ ಕಣ್ಣಿಗೆ ಬೀಳುವುದು ಕಷ್ಟ.

ಈ ಕೊರತೆಯನ್ನು ತುಂಬುವ ಒಂದು ಅಪೂರ್ವ ಸಾಮಗ್ರಿ ಆಸ್ಟ್ರಿಯಾ ದೇಶದಲ್ಲಿ ದೊರೆಯುತ್ತದೆ. ವಿಯೆನ್ನಾ ನಗರದ ಆಗ್ನೇಯಕ್ಕಿರುವ ಮಾರಿಯೆಂಟಾಲ್ ಎಂಬ ಗಿರಣಿ ಗ್ರಾಮದಲ್ಲಿ ೧೯೩೧-೩೨ರಲ್ಲಿ ನಡೆದ ಸಾಮಾಜಿಕ ಅಧ್ಯಯನವೇ ಆ ಸಾಮಗ್ರಿ. ಪ್ರಕೃತ ಲೇಖನದಲ್ಲಿ ಆ ಅಧ್ಯಯನದ ಹಿನ್ನೆಲೆಯನ್ನೂ ಫಲಿತಾಂಶಗಳನ್ನೂ, ವಿಶೇಷವಾಗಿ ಸಂಸಾರದ ಹೊಣೆ ಹೊತ್ತ ನಡುವಯಸ್ಸಿನ ಗಂಡಸಿನ ಮನಸ್ಸಿನ ಮೇಲೆ ನಿರುದ್ಯೋಗವು ಮಾಡಿದ ಪರಿಣಾಮವನ್ನೂ, ಪರಿಶೀಲಿಸಿ, ನಮ್ಮ ನಾಡಿನ ಇತಿಹಾಸವನ್ನು ಬರೆಯುವವರಿಗೆ ಅದರಿಂದ ದೊರೆಯುವ ಪಾಠವೇನೆಂಬುದನ್ನು ಸೂಚಿಸಲು ಉದ್ದೇಶಿಸಿದ್ದೇವೆ.

೨. ಗ್ರಾಮ ಮತ್ತು ಗಿರಣಿ

ಮಾರಿಯೆಂಟಾಲ್ ಪ್ರಾಚೀನವಾದ ಊರಲ್ಲ. ಗ್ರಾಮಟ್‌ನೊಯ್‌ಸೀಡ್ಲ್ ಎಂಬ ಹಳ್ಳಿಯ ಎಲ್ಲೆಯಲ್ಲಿ ೧೮೩೦ರಲ್ಲಿ ಹೆರ್ಮನ್ ಟೊಡೆಸ್ಕೊ ಎಂಬ ಉದ್ಯಮಿಯು ನಾರಿನ ನೂಲು ತೆಗೆಯುವ ಗಿರಣಿಯನ್ನು ಸ್ಥಾಪಿಸಿದನು. ಅದರ ಸುತ್ತಲೂ ಕೆಲಸಗಾರರ ವಸತಿಗಳು ಎದ್ದವು. ಕಾಲಕ್ರಮದಲ್ಲಿ ಹತ್ತಿ ನೂಲುವುದು, ನೇಯುವುದು, ಬಟ್ಟೆಯನ್ನು ಬಿಳುಪು ಮಾಡುವುದು, ಅಚ್ಚು ಹಾಕುವುದು, ಹೀಗೆ ಒಂದೊಂದಾಗಿ ವಿಭಾಗಗಳು ಸೇರಿಕೊಂಡವು. ನೂರು ವರ್ಷಗಳ ಕಾಲ ಊರೆಂದರೆ ಗಿರಣಿ, ಗಿರಣಿಯೆಂದರೆ ಊರು ಎಂಬಂತಿದ್ದಿತು. ತಾತನು ದುಡಿದ ವಿಭಾಗದಲ್ಲೇ ಮೊಮ್ಮಗನು ದುಡಿಯುವುದು ಅಲ್ಲಿ ಸಾಮಾನ್ಯವಾಗಿದ್ದಿತು.

ಇಂತಹ ಊರಿಗೆ ತನ್ನದೇ ಆದ ಸಾರ್ವಜನಿಕ ಜೀವನವೂ ಇದ್ದಿತು. ಕಾರ್ಮಿಕರ ಗ್ರಂಥಾಲಯ, ನಾಟಕ ಮಂಡಲಿ, ಕಾಲ್ಚೆಂಡಿನ ತಂಡ, ಶಿಶುವಿಹಾರ, ರಾಜಕೀಯ ಪಕ್ಷದ ಸಭೆಗಳು, ಇವೆಲ್ಲ ಚುರುಕಾಗಿ ನಡೆಯುತ್ತಿದ್ದವು. ಗಿರಣಿಯ ಹತ್ತಿರವಿದ್ದ ಉದ್ಯಾನದ ಬಗ್ಗೆ ಜನರಿಗೆ ಹೆಮ್ಮೆಯಿದ್ದಿತು.

೧೯೨೯ರ ಜುಲೈ ತಿಂಗಳಿನಲ್ಲಿ ನೂಲಿನ ವಿಭಾಗ ಮುಚ್ಚಿತು. ಆಗಸ್ಟಿನಲ್ಲಿ ಅಚ್ಚಿನ ವಿಭಾಗ, ಸೆಪ್ಟೆಂಬರಿನಲ್ಲಿ ಬಿಳುಪಿನ ವಿಭಾಗ ಮುಚ್ಚಿದವು. ೧೯೩೦ರ ಫೆಬ್ರುವರಿಯಲ್ಲಿ ಮಗ್ಗಗಳು ನಿಂತವು. ಕೆಲವೇ ದಿನಗಳಲ್ಲಿ ಕಟ್ಟಡಗಳನ್ನು ಕೆಡವುವ ಕಾರ್ಯ ಆರಂಭವಾಯಿತು. ಗಿರಣಿಯ ಕಿಟಕಿಗೆ ಎದುರಾಗಿ ವಾಸವಾಗಿದ್ದ ಕುಟುಂಬಗಳಿಗೆ ಈಗ ಕಾಣುತ್ತಿದ್ದುದು ಮುರಿದ ಗೋಡೆಗಳೂ ತುಕ್ಕು ಹಿಡಿದ ಬಾಯ್ಲರುಗಳೂ ಮಾತ್ರ. ಅಧ್ಯಯನ ನಡೆದ ಸಮಯದಲ್ಲಿ ಊರಿನಲ್ಲಿ ೪೭೮ ಕುಟುಂಬಗಳೂ ೧,೪೮೬ ಜನರೂ ಇದ್ದರು. ಸುಮಾರು ಮುಕ್ಕಾಲು ಭಾಗದಷ್ಟು ಕುಟುಂಬಗಳು ನಿರುದ್ಯೋಗ ಭತ್ಯದ ಆಧಾರದ ಮೇಲೆಯೇ ಬದುಕಬೇಕಾಗಿದ್ದಿತು.

ಆ ಭತ್ಯವೂ ಶಾಶ್ವತವಾದುದಲ್ಲ. ಮೊದಲು ಕೆಲವು ವಾರಗಳ ಕಾಲ ನಿರುದ್ಯೋಗ ಭತ್ಯ, ಬಳಿಕ ಅದಕ್ಕಿಂತ ಕಡಿಮೆಯಾದ ತುರ್ತು ಸಹಾಯ, ಅದೂ ಮುಗಿದ ಮೇಲೆ ಏನೂ ಇಲ್ಲ. ಇದು ಆಗಿನ ಆಸ್ಟ್ರಿಯದ ಕಾನೂನು. ಭತ್ಯ ಪಡೆಯುವವನು ಅಲ್ಪಸ್ವಲ್ಪ ಕೂಲಿ ಸಂಪಾದಿಸಿದನೆಂದು ತಿಳಿದುಬಂದರೂ ಅದನ್ನು ಕಳೆದುಕೊಳ್ಳುತ್ತಿದ್ದನು. ಈ ನಿಯಮದ ಪರಿಣಾಮವನ್ನು ಮುಂದೆ ನೋಡೋಣ.

೩. ಅಧ್ಯಯನದ ಹುಟ್ಟು

ಅಧ್ಯಯನವನ್ನು ನಡೆಸಿದವರು ವಿಯೆನ್ನಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದೊಡನೆ ಸಂಬಂಧ ಹೊಂದಿದ್ದ ಒಂದು ಸಂಶೋಧನ ಕೇಂದ್ರದ ತರುಣರು. ಪೌಲ್ ಲಾಜಾರ್ಸ್‌ಫೆಲ್ಡ್ (ಜನನ ೧೯೦೧) ಅದರ ನಾಯಕ. ಮರೀ ಯಾಹೋಡಾ (ಜನನ ೧೯೦೭) ಮತ್ತು ಹಾನ್ಸ್ ಜೈಸೆಲ್ (ಜನನ ೧೯೦೫) ಇತರ ಇಬ್ಬರು ಮುಖ್ಯರು. ಮುಂದೆ ಪ್ರಕಟವಾದ ಗ್ರಂಥದ ಮುಖ್ಯಭಾಗವನ್ನು ಬರೆದವರು ಯಾಹೋಡಾ. ಆಗ ಆಕೆಗೆ ಇನ್ನೂ ಇಪ್ಪತ್ತೈದರ ಪ್ರಾಯ.

ವಿಷಯದ ಆಯ್ಕೆಯ ಹಿಂದೆ ಒಂದು ಸ್ವಾರಸ್ಯವಾದ ಸಂಗತಿಯಿದೆ. ಕಾರ್ಮಿಕರಿಗೆ ಎಂಟು ಗಂಟೆಗಳ ದುಡಿಮೆಯ ದಿನ ದೊರೆತ ಮೇಲೆ ಅವರು ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆಂಬುದನ್ನು ಅಧ್ಯಯನ ಮಾಡಬೇಕೆಂದು ಲಾಜಾರ್ಸ್‌ಫೆಲ್ಡ್ ಯೋಚಿಸಿದ್ದರು. ಸಮಾಜವಾದಿ ನಾಯಕ ಓಟೋ ಬವರ್ ಅವರಲ್ಲಿ ಇದನ್ನು ಪ್ರಸ್ತಾಪಿಸಿದಾಗ, ದೇಶದಲ್ಲಿ ಜನ ಕೆಲಸವಿಲ್ಲದೆ ಕುಳಿತಿರುವಾಗ ಬಿಡುವಿನ ವಿಚಾರವೇ ಎಂದು ಬವರ್ ಆಕ್ಷೇಪಿಸಿ ಮಾರಿಯೆಂಟಾಲಿನ ಕಡೆಗೆ ಅವರ ಗಮನ ಸೆಳೆದರು. ಹೀಗೆ ಬಿಡುವನ್ನು ಹುಡುಕಹೊರಟವರು ಬಿಡುವೇ ಶಾಪವಾಗಿ ಬಂದಿದ್ದ ಊರಿಗೆ ಬಂದು ತಲುಪಿದರು.

ಅವರ ವಿಧಾನವು ಇತಿಹಾಸ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹವಾದುದು. ಊರಿನಲ್ಲಿ ಯಾರೂ ಕೇವಲ ಪ್ರೇಕ್ಷಕರಾಗಿ ಇರಕೂಡದು, ಪ್ರತಿಯೊಬ್ಬರೂ ಊರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಮಾಡಲೇಬೇಕು ಎಂಬ ನಿಯಮವನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ಬಟ್ಟೆಬರೆ ಸಂಗ್ರಹಿಸಿ ಹಂಚಿದರು, ವೈದ್ಯರಿಂದ ಉಚಿತ ಸಲಹೆ ಕೊಡಿಸಿದರು, ಬಟ್ಟೆ ಕತ್ತರಿಸುವ ತರಗತಿಗಳನ್ನೂ ಹುಡುಗಿಯರಿಗಾಗಿ ವ್ಯಾಯಾಮ ತರಗತಿಗಳನ್ನೂ ನಡೆಸಿದರು. ಯಾವ ಮನೆಗೆ ಯಾವ ಬಟ್ಟೆ ಬೇಕೆಂದು ವಿಚಾರಿಸಲು ನೂರು ಮನೆಗಳಿಗೆ ಹೋದಾಗ ಆ ಮನೆಗಳ ಸ್ಥಿತಿಗತಿಗಳನ್ನು ಕಣ್ಣಾರೆ ಕಂಡು ಗುರುತು ಮಾಡಿಕೊಂಡರು. ಪ್ರತಿ ಕುಟುಂಬಕ್ಕೂ ಒಂದು ಪತ್ರಿಕೆಯನ್ನು ತೆರೆದರು. ೩೨ ಗಂಡಸರ ಮತ್ತು ೩೦ ಹೆಂಗಸರ ಜೀವನ ವೃತ್ತಾಂತಗಳನ್ನು ಬರೆದುಕೊಂಡರು. ೮೦ ಜನರಿಂದ ದಿನದ ಗಂಟೆಗಂಟೆಯ ಲೆಕ್ಕವನ್ನು ಬರೆಯಿಸಿದರು. ೪೦ ಕುಟುಂಬಗಳು ಒಂದು ವಾರ ಏನೇನು ಉಂಡವೆಂಬುದನ್ನು ದಾಖಲು ಮಾಡಿದರು. ಗ್ರಂಥಾಲಯದ ಪುಸ್ತಕ, ಸಹಕಾರ ಸಂಘದ ಲೆಕ್ಕ, ಮಕ್ಕಳ ಶಾಲಾ ಪ್ರಬಂಧ, ಯಾವುದನ್ನೂ ಅವರು ಕ್ಷುಲ್ಲಕವೆಂದು ಬಿಡಲಿಲ್ಲ.

೪. ಕುಗ್ಗಿದ ಬಾಳು

ಅಧ್ಯಯನಕ್ಕೆ ಮೊದಲು ಒಂದು ನಿರೀಕ್ಷೆ ಸಹಜವಾಗಿ ಇದ್ದಿತು. ಕೆಲಸವಿಲ್ಲದವನಿಗೆ ಹಣವಿಲ್ಲದಿದ್ದರೂ ಹೊತ್ತಾದರೂ ಧಾರಾಳವಾಗಿರುತ್ತದೆ. ಆದುದರಿಂದ ಅವನು ಹೆಚ್ಚು ಓದುವನು, ಹೆಚ್ಚು ಸಭೆಗಳಿಗೆ ಹೋಗುವನು, ಅನ್ಯಾಯದ ವಿರುದ್ಧ ಹೆಚ್ಚು ಕೂಗುವನು ಎಂಬುದು ಆ ನಿರೀಕ್ಷೆ. ಸಾಕ್ಷ್ಯವು ಇದಕ್ಕೆ ತೀರ ವಿರುದ್ಧವಾಗಿದ್ದಿತು.

ಕಾರ್ಮಿಕರ ಗ್ರಂಥಾಲಯವು ಪುಸ್ತಕಗಳಿಗೆ ವಿಧಿಸುತ್ತಿದ್ದ ಶುಲ್ಕವನ್ನು ತೆಗೆದುಹಾಕಿದ್ದರೂ ೧೯೨೯ರಿಂದ ೧೯೩೧ರವರೆಗಿನ ಅವಧಿಯಲ್ಲಿ ಜನರು ಒಯ್ಯುತ್ತಿದ್ದ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ರಾಜಕೀಯ ಲೇಖನಗಳಿಂದ ತುಂಬಿದ ಕಾರ್ಮಿಕರ ದಿನಪತ್ರಿಕೆಯ ಚಂದಾದಾರರು ೧೯೨೭ರಿಂದ ೧೯೩೦ರೊಳಗೆ ನೂರಕ್ಕೆ ೬೦ರಷ್ಟು ಕಡಿಮೆಯಾದರು. ನಿರುದ್ಯೋಗಿಗಳಿಗೆ ರಿಯಾಯಿತಿ ದರವಿದ್ದುದರಿಂದ ಹಣದ ಅಭಾವವೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಮನರಂಜನೆ ಹೆಚ್ಚಾಗಿದ್ದ ಇನ್ನೊಂದು ಪತ್ರಿಕೆಯ ಚಂದಾದಾರರು ನೂರಕ್ಕೆ ೨೭ರಷ್ಟು ಮಾತ್ರ ಇಳಿದರು ಎಂಬುದನ್ನು ಇದರೊಡನೆ ಹೋಲಿಸಬೇಕು. ಜನರು ಹೆಮ್ಮೆಪಡುತ್ತಿದ್ದ ಉದ್ಯಾನದಲ್ಲಿ ಹಾದಿಗಳ ಮೇಲೆ ಕಳೆ ಬೆಳೆಯಿತು. ಅದನ್ನು ಕೀಳಲು ಊರಿನಲ್ಲಿ ನೂರಾರು ಜೊತೆ ಕೈಗಳು ಬಿಡುವಾಗಿದ್ದವು. ಕೀಳುವವರು ಯಾರೂ ಇರಲಿಲ್ಲ.

ಮಕ್ಕಳೂ ಇದರಿಂದ ಹೊರತಾಗಿರಲಿಲ್ಲ. ಕ್ರಿಸ್ಮಸ್ ಹಬ್ಬಕ್ಕೆ ಏನು ಬೇಕೆಂದು ಶಾಲೆಯ ಮಕ್ಕಳಿಂದ ಬರೆಯಿಸಿದಾಗ ಮಾರಿಯೆಂಟಾಲಿನ ಮಕ್ಕಳ ಬಯಕೆಗಳ ಬೆಲೆ ಸರಾಸರಿ ೧೨ ಷಿಲ್ಲಿಂಗುಗಳಾಯಿತು. ನೆರೆಯ ಊರುಗಳ ಮಕ್ಕಳದು ೩೬ ಷಿಲ್ಲಿಂಗು. ಬಯಸುವುದಕ್ಕೆ ಹಣ ಬೇಕಾಗಿರಲಿಲ್ಲ. ಆದರೂ ತಂದೆಯ ಸ್ಥಿತಿಯನ್ನು ನೋಡಿದ ಮಗು ಬಯಕೆಯನ್ನೇ ಮಿತಗೊಳಿಸಿಕೊಂಡಿದ್ದಿತು.

ಸಂಶೋಧಕರು ಈ ಊರನ್ನು ದಣಿದ ಸಮುದಾಯವೆಂದು ಕರೆದರು. ದುಡಿದು ದಣಿದವನಿಗೆ ನಿದ್ರೆಯಿಂದ ಚೇತರಿಕೆಯುಂಟು. ದುಡಿಯದೆ ಬಂದ ಈ ದಣಿವಿಗೆ ಅಂತಹ ಪರಿಹಾರವಿರಲಿಲ್ಲ.

೫. ಗಂಡಸಿನ ಹೊತ್ತು, ಹೆಂಗಸಿನ ಹೊತ್ತು

ಅಧ್ಯಯನದ ಅತ್ಯಂತ ಮಾರ್ಮಿಕವಾದ ಭಾಗವು ಕಾಲವನ್ನು ಕುರಿತದ್ದು. ಊರಿನ ಮುಖ್ಯ ಬೀದಿ ಸುಮಾರು ೩೦೦ ಮೀಟರು ಉದ್ದವಾಗಿದ್ದಿತು. ಸಂಶೋಧಕರು ಕಿಟಕಿಯೊಂದರ ಹಿಂದೆ ಗಡಿಯಾರ ಹಿಡಿದು ಕುಳಿತು, ಬೀದಿಯಲ್ಲಿ ಸಾಗಿದ ನೂರು ಜನರು ಎಷ್ಟೆಷ್ಟು ಸಲ ನಿಲ್ಲುತ್ತಾರೆಂದು ಎಣಿಸಿದರು. ೬೮ ಗಂಡಸರಲ್ಲಿ ೩೯ ಮಂದಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನಿಂತರು. ಒಮ್ಮೆಯೂ ನಿಲ್ಲದೆ ನಡೆದವರು ೬ ಮಂದಿ ಮಾತ್ರ. ೩೨ ಹೆಂಗಸರಲ್ಲಿ ಮೂರಕ್ಕಿಂತ ಕಡಿಮೆಯಿಲ್ಲದಂತೆ ನಿಂತವರು ೩ ಮಂದಿ. ನಿಲ್ಲದೆ ನಡೆದವರು ೧೨ ಮಂದಿ. ನೂರು ಗಂಡಸರಲ್ಲಿ ೮೮ ಮಂದಿಯ ಬಳಿ ಕೈಗಡಿಯಾರವಾಗಲಿ ಜೇಬುಗಡಿಯಾರವಾಗಲಿ ಇರಲಿಲ್ಲ. ಅವರಲ್ಲಿ ೩೧ ಮಂದಿಗೆ ಮನೆಯಲ್ಲಿ ಗಡಿಯಾರವಿದ್ದಿತು, ಆದರೆ ಅದನ್ನು ಹೊರಗೆ ತರುವ ಅಗತ್ಯವು ಅವರಿಗೆ ತೋರಿರಲಿಲ್ಲ.

ಗಂಡಸರು ಬರೆದುಕೊಟ್ಟ ದಿನದ ಲೆಕ್ಕಗಳನ್ನು ನೋಡಿದಾಗ ಇದರ ಅರ್ಥ ಇನ್ನೂ ತಿಳಿಯಾಗುತ್ತದೆ. ಏಳುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಉಣ್ಣುವುದು, ಮಲಗುವುದು, ಇಷ್ಟು ಮಾತ್ರ ಅವರಿಗೆ ಖಚಿತವಾಗಿ ನೆನಪಿದ್ದಿತು. ಸೌದೆ ತಂದುದು, ನೀರು ಹೊತ್ತುದು, ಯಾರೊಡನೆಯೋ ಬೀದಿಯಲ್ಲಿ ನಿಂತುದು, ಹತ್ತು ನಿಮಿಷಗಳ ಈ ಕೆಲಸಗಳೇ ಒಂದೊಂದು ಗಂಟೆಯ ಮುಂದೆ ಬರೆಯಲ್ಪಟ್ಟಿದ್ದವು. ಉಳಿದ ಹೊತ್ತು ಎಲ್ಲಿಗೆ ಹೋಯಿತೆಂಬುದನ್ನು ಬರೆದವನೇ ಹೇಳಲಾರದವನಾಗಿದ್ದನು.

ನಮ್ಮ ನುಡಿಯಲ್ಲಿ ಹೊತ್ತು ಹೋಗುವುದು, ಹೊತ್ತು ಹೋಗದಿರುವುದು, ಹೊತ್ತು ಕಳೆಯುವುದು ಎಂಬ ಮಾತುಗಳುಂಟು. ಮೂರಕ್ಕೂ ನಡುವೆ ಇರುವ ವ್ಯತ್ಯಾಸವನ್ನು ಮಾರಿಯೆಂಟಾಲಿನ ಗಂಡಸು ಬದುಕಿ ತಿಳಿದನು. ದುಡಿಮೆಯಿದ್ದಾಗ ಹೊತ್ತು ತಾನಾಗಿ ಹೋಗುತ್ತಿದ್ದಿತು. ದುಡಿಮೆ ತಪ್ಪಿದಾಗ ಹೊತ್ತು ಹೋಗಲೊಲ್ಲದು. ಕೊನೆಗೆ ಅದನ್ನು ಕಳೆಯುವ ಶಕ್ತಿಯೂ ಉಳಿಯಲಿಲ್ಲ. ಮಧ್ಯಾಹ್ನದ ಊಟಕ್ಕೆ ಕಾಲಕ್ಕೆ ಸರಿಯಾಗಿ ಬರುವುದಿಲ್ಲವೆಂದು, ಮಾಡಲು ಏನೂ ಇಲ್ಲದ ಗಂಡಂದಿರ ಮೇಲೆ ಹೆಂಡಂದಿರು ದೂರು ಹೇಳುತ್ತಿದ್ದರು.

ಹೆಂಗಸರ ಸ್ಥಿತಿ ಬೇರೆಯಾಗಿದ್ದಿತು. ಗಿರಣಿಯ ಕೂಲಿ ನಿಂತರೂ ಅಡಿಗೆ, ಒಗೆತ, ತೇಪೆ ಹಾಕುವುದು, ಮಕ್ಕಳ ಪೋಷಣೆ ನಿಂತಿರಲಿಲ್ಲ. ಕಡಿಮೆ ಹಣದಲ್ಲಿ ಇವೆಲ್ಲವನ್ನೂ ಸಾಗಿಸಬೇಕಾದುದರಿಂದ ಕೆಲಸ ಇನ್ನೂ ಹೆಚ್ಚಿದ್ದಿತು. ಅವರ ಕಷ್ಟ ಕಡಿಮೆಯೆಂದು ಇದರಿಂದ ಭಾವಿಸಕೂಡದು. ಗಿರಣಿ ತೆರೆದರೆ ಕೆಲಸಕ್ಕೆ ಹೋಗುವೆವೆಂದು ಹೇಳಿದ ಹೆಂಗಸರು ಅನೇಕರು. ಅವರು ಬಯಸಿದುದು ಕೂಲಿಯನ್ನು ಮಾತ್ರವಲ್ಲ, ನಾಲ್ಕು ಜನರ ಸಹವಾಸವನ್ನೂ ಬಯಸಿದ್ದರು. ಆದರೆ ಅವರ ದಿನಕ್ಕೆ ಒಂದು ಆಕಾರವಿದ್ದಿತು. ಗಂಡಸಿನ ದಿನಕ್ಕೆ ಅದು ತಪ್ಪಿಹೋಗಿದ್ದಿತು.

೬. ನಾಲ್ಕು ಬಗೆಯ ಮನೆಗಳು

ಸಂಶೋಧಕರು ಕುಟುಂಬಗಳ ಮನೋವೃತ್ತಿಯನ್ನು ನಾಲ್ಕಾಗಿ ವಿಂಗಡಿಸಿದರು. ಮೊದಲನೆಯವು ಕುಗ್ಗದ ಮನೆಗಳು. ಅಲ್ಲಿ ಮುಂದಿನ ಯೋಜನೆಗಳಿದ್ದವು, ಕೆಲಸ ಹುಡುಕುವ ಪ್ರಯತ್ನವಿದ್ದಿತು. ಎರಡನೆಯವು ಒಪ್ಪಿಸಿಕೊಂಡ ಮನೆಗಳು. ಮನೆ ಶುಚಿಯಾಗಿದ್ದಿತು, ಮಕ್ಕಳ ಆರೈಕೆ ನಡೆಯುತ್ತಿದ್ದಿತು, ಆದರೆ ನಾಳೆಯ ವಿಚಾರವಿರಲಿಲ್ಲ. ಮೂರನೆಯವು ಹತಾಶವಾದ ಮನೆಗಳು. ಮನೆಯ ಕ್ರಮ ಇನ್ನೂ ಉಳಿದಿದ್ದರೂ ಹಿಂದಿನ ದಿನಗಳನ್ನು ನೆನೆದು ಕುದಿಯುವ ಸಂಕಟವಿದ್ದಿತು. ನಾಲ್ಕನೆಯವು ಜಡವಾದ ಮನೆಗಳು. ಅಲ್ಲಿ ಕೊಳೆ, ಜಗಳ, ಕುಡಿತ ಕಾಣಿಸಿಕೊಂಡಿದ್ದವು, ಏನಾದರೂ ಆಗಲೆಂಬ ಭಾವವಿದ್ದಿತು. ಊರಿನ ಒಟ್ಟು ಕುಟುಂಬಗಳಲ್ಲಿ ನೂರಕ್ಕೆ ೨೩ ಕುಗ್ಗದವು, ೬೯ ಒಪ್ಪಿಸಿಕೊಂಡವು, ಉಳಿದ ೮ ಮುರಿದವು, ಅಂದರೆ ಹತಾಶ ಮತ್ತು ಜಡ ವರ್ಗಗಳೆರಡೂ ಸೇರಿದವು, ಎಂದು ಅವರು ಅಂದಾಜು ಮಾಡಿದರು.

ಈ ವಿಂಗಡಣೆಗೂ ವರಮಾನಕ್ಕೂ ಇದ್ದ ಸಂಬಂಧವನ್ನು ಅವರು ತೋರಿಸಿಕೊಟ್ಟುದು ಮುಖ್ಯವಾದುದು. ಮನೆಯ ಪ್ರತಿಯೊಬ್ಬ ವಯಸ್ಕನ ಪಾಲಿಗೆ ತಿಂಗಳಿಗೆ ಬರುತ್ತಿದ್ದ ಹಣವನ್ನು ಲೆಕ್ಕ ಹಾಕಿದಾಗ, ಕುಗ್ಗದ ಮನೆಗಳಲ್ಲಿ ಅದು ೩೪ ಷಿಲ್ಲಿಂಗು, ಒಪ್ಪಿಸಿಕೊಂಡ ಮನೆಗಳಲ್ಲಿ ೩೦, ಹತಾಶ ಮನೆಗಳಲ್ಲಿ ೨೫, ಜಡವಾದ ಮನೆಗಳಲ್ಲಿ ೧೯ ಆಗಿದ್ದಿತು. ಒಂದು ವರ್ಗಕ್ಕೂ ಇನ್ನೊಂದಕ್ಕೂ ನಡುವೆ ಇದ್ದುದು ನಾಲ್ಕರಿಂದ ಆರು ಷಿಲ್ಲಿಂಗುಗಳ ಅಂತರ. ಭತ್ಯದ ಅವಧಿ ಮುಗಿದಂತೆಲ್ಲ ಮನೆಗಳು ಒಂದು ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಜಾರುವುದನ್ನು ಇದು ಮುಂಚಿತವಾಗಿ ಸೂಚಿಸುತ್ತಿದ್ದಿತು. ಸೋಮಾರಿಯಾದುದರಿಂದ ಬಡವನಾದನೆಂದು ಹೇಳುವವರಿಗೆ ಈ ಲೆಕ್ಕ ಸಾಕಾದ ಉತ್ತರವೆಂದು ನಮಗೆ ತೋರುತ್ತದೆ.

ಇಲ್ಲಿ ಭತ್ಯದ ನಿಯಮವನ್ನು ನೆನೆಯಬೇಕು. ಸಣ್ಣಪುಟ್ಟ ಕೂಲಿ ಮಾಡಿದವನು ಭತ್ಯವನ್ನು ಕಳೆದುಕೊಳ್ಳುತ್ತಿದ್ದುದರಿಂದ, ಕೈಗೆ ಸಿಕ್ಕಿದ ಕೆಲಸವನ್ನು ಮಾಡದೆ ಸುಮ್ಮನೆ ಕುಳಿತಿರುವುದೇ ವಿವೇಕವಾಗಿದ್ದಿತು. ಅಷ್ಟೇ ಅಲ್ಲ, ನೆರೆಯವನು ಗುಟ್ಟಾಗಿ ಕೂಲಿ ಮಾಡುತ್ತಿದ್ದಾನೆಂದು ಅಧಿಕಾರಿಗಳಿಗೆ ಹೆಸರಿಲ್ಲದ ಪತ್ರ ಬರೆಯುವವರು ಹೆಚ್ಚಿದರು. ನೂರು ವರ್ಷ ಒಟ್ಟಿಗೆ ಬಾಳಿದ ಊರಿನಲ್ಲಿ ಒಬ್ಬರನ್ನೊಬ್ಬರು ಕಾಯುವ ಕಣ್ಣುಗಳು ಹುಟ್ಟಿಕೊಂಡವು. ಮನಸ್ಸಿನ ಸ್ವಾಸ್ಥ್ಯವನ್ನು ಕೆಡಿಸುವುದರಲ್ಲಿ ಹಸಿವಿನಷ್ಟೇ ಪಾಲು ಕಾನೂನಿನ ರೀತಿಗೂ ಇದ್ದಿತೆಂಬುದನ್ನು ಇತಿಹಾಸಕಾರನು ಮರೆಯಕೂಡದು.

೭. ನಡುವಯಸ್ಸಿನವನ ಪ್ರಶ್ನೆ

ಊರನ್ನು ಬಿಟ್ಟು ಹೋಗುವ ಸಾಮರ್ಥ್ಯ ತರುಣರಿಗೆ ಹೆಚ್ಚು. ವೃದ್ಧರಿಗೆ ವಿಶ್ರಾಂತಿಯು ವಯೋಧರ್ಮವೆಂದು ಲೋಕವೇ ಒಪ್ಪುತ್ತದೆ. ನಡುವಯಸ್ಸಿನ ಗೃಹಸ್ಥನಿಗೆ ಎರಡೂ ಇಲ್ಲ. ಅವನಿಗೆ ಮಕ್ಕಳಿದ್ದಾರೆ, ಕಡಿಮೆ ಬಾಡಿಗೆಯ ಗಿರಣಿ ವಸತಿಯಿದೆ, ಇಪ್ಪತ್ತು ಇಪ್ಪತ್ತೈದು ವರ್ಷ ಕಲಿತ ಒಂದೇ ಕಸುಬು ಇದೆ. ಆ ಕಸುಬನ್ನು ಕೇಳುವವರಿಲ್ಲ. ಈ ವಯಸ್ಸಿನವನು ಹೆಚ್ಚು ಕುಗ್ಗುವನೆಂಬುದನ್ನು ನಂತರದ ಸಂಶೋಧನೆಗಳೂ ತೋರಿಸಿವೆ. ೧೯೮೦ರ ದಶಕದಲ್ಲಿ ಬ್ರಿಟನ್ನಿನ ನಿರುದ್ಯೋಗಿ ಗಂಡಸರನ್ನು ಕುರಿತು ಪೀಟರ್ ವಾರ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳಲ್ಲಿ, ತರುಣರಿಗಿಂತಲೂ ನಿವೃತ್ತಿಗೆ ಹತ್ತಿರವಾದವರಿಗಿಂತಲೂ ನಡುವಯಸ್ಸಿನವರ ಮಾನಸಿಕ ಸ್ಥಿತಿ ಹೆಚ್ಚು ಹದಗೆಟ್ಟಿದ್ದುದು ಕಂಡುಬಂದಿತು.

ಅಮೆರಿಕದಲ್ಲಿ ಮಿರ್ರಾ ಕೊಮರೋವ್‌ಸ್ಕಿ ಅವರು ೧೯೪೦ರಲ್ಲಿ ಪ್ರಕಟಿಸಿದ ಗ್ರಂಥವು ಇದೇ ಪ್ರಶ್ನೆಯನ್ನು ಮನೆಯ ಒಳಗಿನಿಂದ ನೋಡುತ್ತದೆ. ಯಜಮಾನನು ಕೆಲಸ ಕಳೆದುಕೊಂಡಿದ್ದ ೫೯ ಕುಟುಂಬಗಳನ್ನು ಅವರು ಅಭ್ಯಾಸ ಮಾಡಿದರು. ಎಲ್ಲ ಮನೆಗಳಲ್ಲೂ ಗಂಡನ ಮಾತಿಗಿದ್ದ ಬೆಲೆ ಇಳಿದುಹೋಗಲಿಲ್ಲ. ಪ್ರೀತಿ ಗೌರವಗಳ ಮೇಲೆ ನಿಂತಿದ್ದ ಮನೆಗಳು ಬಹುಮಟ್ಟಿಗೆ ಉಳಿದವು. ಸಂಬಳದ ಮೇಲೆ ಅಥವಾ ಭಯದ ಮೇಲೆ ಮಾತ್ರ ನಿಂತಿದ್ದ ಯಜಮಾನಿಕೆ ಸಂಬಳದೊಡನೆ ಹೋಯಿತು. ಫಿಲಿಪ್ ಐಸೆನ್‌ಬರ್ಗ್ ಮತ್ತು ಲಾಜಾರ್ಸ್‌ಫೆಲ್ಡ್ ೧೯೩೮ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನೆಲ್ಲ ಸಮೀಕ್ಷಿಸಿ, ಕೆಲಸ ಕಳೆದುಕೊಂಡವನ ಮನಸ್ಸು ಮೂರು ಹಂತಗಳನ್ನು ದಾಟುವುದೆಂದು ಹೇಳಿದರು: ಮೊದಲು ಆಘಾತ ಮತ್ತು ಚುರುಕಾದ ಹುಡುಕಾಟ, ಬಳಿಕ ನಿರಾಶೆ ಮತ್ತು ಕಳವಳ, ಕೊನೆಗೆ ವಿಧಿಗೆ ಶರಣಾಗುವಿಕೆ.

ದುಡಿಮೆಯು ಸಂಬಳವಲ್ಲದೆ ಮತ್ತೇನನ್ನು ಕೊಡುತ್ತದೆಂಬುದನ್ನು ಯಾಹೋಡಾ ಅವರು ೧೯೮೨ರ ತಮ್ಮ ಗ್ರಂಥದಲ್ಲಿ ಐದಾಗಿ ಎಣಿಸಿದರು: ದಿನಕ್ಕೆ ಒಂದು ಕಟ್ಟು, ಮನೆಯ ಹೊರಗಿನವರ ಒಡನಾಟ, ತನ್ನೊಬ್ಬನದಲ್ಲದ ಗುರಿಯಲ್ಲಿ ಪಾಲು, ಸಮಾಜದಲ್ಲಿ ಒಂದು ಸ್ಥಾನ, ನಿಯತವಾದ ಚಟುವಟಿಕೆ. ನಮ್ಮ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಸಂಪಾದನೆಗಿಂತ ಹಿರಿದಾದ ಅರ್ಥವನ್ನು ಕೊಟ್ಟಿದ್ದ ನಾಡಿನವರಿಗೆ ಈ ವಿಚಾರ ಹೊಸದೆನಿಸಲಾರದು. ಆದರೆ ಕಾಯಕವನ್ನು ಹೊಗಳುವ ಸಮಾಜವು, ಕಾಯಕ ದೊರೆಯದವನನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಯಾಹೋಡಾ ಅವರ ಸಿದ್ಧಾಂತಕ್ಕೆ ಆಕ್ಷೇಪಣೆಯೂ ಬಂದಿದೆ. ನಿರುದ್ಯೋಗಿಯನ್ನು ಕುಗ್ಗಿಸುವುದು ಮುಖ್ಯವಾಗಿ ಬಡತನ ಹಾಗೂ ನಾಳೆಯನ್ನು ಯೋಜಿಸಲಾಗದ ಅಸಹಾಯಕತೆ, ಅವನು ಕೈಕಟ್ಟಿ ಕುಳಿತ ಜಡಜೀವಿಯಲ್ಲ, ಎಂದು ಡೇವಿಡ್ ಫ್ರೈಯರ್ ಅವರು ವಾದಿಸಿದರು. ಷಿಲ್ಲಿಂಗುಗಳ ಮೇಲಿನ ಲೆಕ್ಕವು ಈ ಆಕ್ಷೇಪಣೆಗೆ ಬಲ ಕೊಡುತ್ತದೆ. ಗ್ರಂಥಾಲಯದ ಲೆಕ್ಕವು ಯಾಹೋಡಾ ಅವರ ಪಕ್ಷದಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಒಂದೇ ಬಾಳಿನ ಎರಡು ಮುಖಗಳು. ಇನ್ನು, ನಿರುದ್ಯೋಗದಿಂದ ಮನಸ್ಸು ಕೆಡುವುದೆಂಬುದು ಈಗ ವಿವಾದದ ವಿಷಯವಾಗಿ ಉಳಿದಿಲ್ಲ. ಕಾರ್ಸ್ಟೆನ್ ಪೌಲ್ ಮತ್ತು ಕ್ಲೌಸ್ ಮೋಸರ್ ಅವರು ೨೦೦೯ರಲ್ಲಿ ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳ ಫಲವನ್ನು ಒಟ್ಟುಗೂಡಿಸಿದಾಗ, ನಿರುದ್ಯೋಗಿಗಳಲ್ಲಿ ನೂರಕ್ಕೆ ೩೪ ಮಂದಿಗೂ ಉದ್ಯೋಗಸ್ಥರಲ್ಲಿ ನೂರಕ್ಕೆ ೧೬ ಮಂದಿಗೂ ಮಾನಸಿಕ ತೊಂದರೆಗಳಿರುವುದು ಕಂಡಿತು. ಹೆಂಗಸರಿಗಿಂತ ಗಂಡಸರಲ್ಲಿಯೂ, ಕಚೇರಿಯವರಿಗಿಂತ ಮೈಮುರಿದು ದುಡಿಯುವ ಕಾರ್ಮಿಕರಲ್ಲಿಯೂ ಪರಿಣಾಮ ಹೆಚ್ಚಾಗಿದ್ದಿತು.

೮. ಗ್ರಂಥದ ಗತಿ

ಅಧ್ಯಯನದ ಗ್ರಂಥವು ೧೯೩೩ರಲ್ಲಿ ಲೈಪ್‌ಜಿಗ್ ನಗರದಲ್ಲಿ ಪ್ರಕಟವಾಯಿತು. ಆ ವರ್ಷದ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಿದ್ದನು. ಕರ್ತೃಗಳು ಯೆಹೂದ್ಯರಾಗಿದ್ದುದರಿಂದ ಅವರ ಹೆಸರುಗಳು ಮುಖಪುಟದಲ್ಲಿ ಕಾಣಿಸಲಿಲ್ಲ. ೧೯೩೪ರ ಫೆಬ್ರುವರಿಯಲ್ಲಿ ಆಸ್ಟ್ರಿಯದ ಕಾರ್ಮಿಕ ಚಳವಳಿಯನ್ನು ಸರ್ಕಾರವು ಶಸ್ತ್ರಬಲದಿಂದ ಹತ್ತಿಕ್ಕಿತು. ಗುಪ್ತವಾಗಿ ನಡೆಯುತ್ತಿದ್ದ ಸಮಾಜವಾದಿ ಚಟುವಟಿಕೆಗಾಗಿ ಯಾಹೋಡಾ ೧೯೩೬ರ ಕೊನೆಯಲ್ಲಿ ಬಂಧಿತರಾಗಿ, ಮರುವರ್ಷ ದೇಶ ಬಿಡಬೇಕೆಂಬ ಷರತ್ತಿನ ಮೇಲೆ ಬಿಡುಗಡೆ ಹೊಂದಿ ಇಂಗ್ಲೆಂಡಿಗೆ ಹೋದರು. ಲಾಜಾರ್ಸ್‌ಫೆಲ್ಡ್ ೧೯೩೩ರಲ್ಲೂ ಜೈಸೆಲ್ ೧೯೩೮ರಲ್ಲೂ ದೇಶ ಬಿಟ್ಟರು. ಇಬ್ಬರೂ ಅಮೆರಿಕದಲ್ಲಿ ಪ್ರಸಿದ್ಧ ವಿದ್ವಾಂಸರಾದರು. ಗ್ರಂಥದ ಇಂಗ್ಲಿಷ್ ಅನುವಾದ ಹೊರಬಂದುದು ೧೯೭೧ರಲ್ಲಿ.

ಈ ಕಥೆಗೆ ನಮ್ಮ ಕಾಲದ ಒಂದು ಮುಂದುವರಿಕೆಯೂ ಉಂಟು. ೨೦೨೦ರ ಅಕ್ಟೋಬರಿನಲ್ಲಿ ಅದೇ ಗ್ರಾಮಟ್‌ನೊಯ್‌ಸೀಡ್ಲಿನಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸವಿಲ್ಲದಿದ್ದ ಪ್ರತಿಯೊಬ್ಬನಿಗೂ ಕೆಲಸ ಕೊಡುವ ಪ್ರಯೋಗವನ್ನು ಆ ಪ್ರಾಂತದ ಉದ್ಯೋಗ ಇಲಾಖೆಯು ಆರಂಭಿಸಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮಾಕ್ಸಿಮಿಲಿಯನ್ ಕಾಸಿ ಮತ್ತು ಲೂಕಾಸ್ ಲೇನರ್ ಅದರ ಫಲವನ್ನು ಪರೀಕ್ಷಿಸಿದರು. ಸೇರಿದವರ ವರಮಾನವಲ್ಲದೆ ಮನಸ್ಸಿನ ನೆಮ್ಮದಿ, ದಿನದ ಕಟ್ಟು, ಸಾಮಾಜಿಕ ಒಡನಾಟಗಳೂ ಸುಧಾರಿಸಿದುವೆಂದು ಅವರು ಕಂಡರು. ದೇಹಾರೋಗ್ಯದಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ರೋಗವನ್ನು ಮೊದಲು ಗುರುತಿಸಿದ ಊರಿನಲ್ಲೇ, ತೊಂಬತ್ತು ವರ್ಷಗಳ ತರುವಾಯ, ಔಷಧದ ಪರೀಕ್ಷೆಯೂ ನಡೆಯಿತು.

೯. ಉಪಸಂಹಾರ

ಮಾರಿಯೆಂಟಾಲ್ ದೂರದ ಊರು. ಒಂದೇ ಕಸುಬನ್ನು ನಂಬಿದ ಊರು ಮಾತ್ರ ನಮಗೆ ದೂರದ್ದಲ್ಲ. ಕೋಲಾರದ ಚಿನ್ನದ ಗಣಿಗಳ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳು ಓದುತ್ತಾರೆ. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಬಂದುದು, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದುದು, ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ಒಡೆತನಕ್ಕೆ ಬಂದುದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾದುದು, ಇವು ಅವರಿಗೆ ಬಾಯಿಪಾಠ. ೨೦೦೧ರ ಫೆಬ್ರುವರಿ ೨೮ರಂದು ಗಣಿ ಮುಚ್ಚಿತೆಂಬಲ್ಲಿಗೆ ನಮ್ಮ ಅಧ್ಯಾಯವೂ ಮುಚ್ಚುತ್ತದೆ. ಮಾರ್ಚ್ ಒಂದನೆಯ ತಾರೀಖಿನ ಬೆಳಗ್ಗೆ ಗಣಿಯ ಸೈರನ್ನಿನ ಕರೆಯಿಲ್ಲದೆ ಎದ್ದ ನಲವತ್ತರ ಗೃಹಸ್ಥನು ಆ ಹೊತ್ತನ್ನು ಏನು ಮಾಡಿದನು? ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಬಾಳನ್ನು ಯಾರು ಹಿಡಿದರು, ಯಾರಿಂದ ಅದು ಆಗಲಿಲ್ಲ? ಮನೆಯಲ್ಲಿ ಅವನ ಮಾತಿನ ತೂಕ ಏನಾಯಿತು?

ಎರಡು ಊರುಗಳ ಅನುಭವವೂ ಒಂದೇ ಆಗಿರಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಊಹಿಸುವುದು ಇತಿಹಾಸಧರ್ಮಕ್ಕೆ ಒಪ್ಪುವುದಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಮಾರಿಯೆಂಟಾಲಿನಿಂದ ಕಲಿಯಬಹುದು. ಗ್ರಂಥಾಲಯದ ದಾಖಲೆ, ಅಂಗಡಿಯ ಸಾಲದ ಪುಸ್ತಕ, ಸಂಘದ ಹಾಜರಿ, ಶಾಲೆಯ ಪಟ್ಟಿ, ಇವುಗಳಲ್ಲಿ ಒಂದು ಊರಿನ ಮನಸ್ಸು ಅಡಗಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬದುಕಿರುವವರ ಬಾಯಿಮಾತು ಇದೆ. ಗಣಿ ಮುಚ್ಚಿದಾಗ ನಲವತ್ತರಲ್ಲಿದ್ದವರು ಇಂದು ಅರವತ್ತನ್ನು ದಾಟಿದ್ದಾರೆ. ಕಲ್ಲಿನ ಶಾಸನ ಇನ್ನೂ ನೂರು ವರ್ಷ ಕಾದೀತು, ಇವರು ಕಾಯಲಾರರು. ನಮ್ಮ ಕಾಲ��ಜುಗಳ ಇತಿಹಾಸ ವಿಭಾಗಗಳು ವರ್ಷಕ್ಕೆ ಹತ್ತು ಜನರ ಜೀವನ ವೃತ್ತಾಂತಗಳನ್ನಾದರೂ, ಅವರಿಗೆ ಏನಾದರೊಂದು ಉಪಯೋಗವಾಗುವ ಕೆಲಸವನ್ನು ಮಾಡಿಕೊಟ್ಟು, ಬರೆದುಕೊಂಡರೆ ಅದು ಶಾಸನಗಳ ಸಂಗ್ರಹಕ್ಕೆ ಕಡಿಮೆಯಾಗದ ಸೇವೆಯಾಗುತ್ತದೆ.

ತರಗತಿಯಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಅಂದು ಸರಿಯಾದ ಉತ್ತರವನ್ನು ಕೊಡಲಿಲ್ಲ. ಈ ಲೇಖನವು ಆ ಉತ್ತರದ ಒಂದು ಭಾಗ. ಉಳಿದ ಭಾಗವನ್ನು ಗಣಿಯ ಊರಿನ ಮನೆಬಾಗಿಲುಗಳಿಗೆ ಹೋಗಿ ಅವನೂ ಅವನಂತಹವರೂ ಕೇಳಿ ಬರೆಯಬೇಕಾಗಿದೆ.